ಕೊಕ್ಕೊ ಬೀಜದ ಒಗರು, ಎರಡು ತುಂಡು ಚಾಕೊಲೇಟು

ಪುತ್ತೂರು, ಸುಳ್ಯ ಕಡೆಯ ಅಡಿಕೆ ತೋಟಗಳಲ್ಲಿ ಆಡಿ ಬೆಳೆದವರಿಗೆ ಕೊಕ್ಕೊ ಕಾಯಿ ಒಡೆಯುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹಣ್ಣಾಗಿ ಹಳದಿ ತಿರುಗಿದ ಕಾಯಿಯನ್ನು ಕಲ್ಲಿಗೆ ಒಮ್ಮೆ ಜಪ್ಪಿದರೆ ದಪ್ಪ ಸಿಪ್ಪೆ ಬಿರಿಯುತ್ತದೆ. ಒಳಗೆ 30–40 ಬೀಜಗಳು ಒತ್ತೊತ್ತಾಗಿ ಕೂತಿರುತ್ತವೆ. ಒಂದೊಂದಕ್ಕೂ ಸೀತಾಫಲದಲ್ಲಿ ಇರುವಂತೆ ಬಿಳಿ ತಿರುಳು ಅಂಟಿರುತ್ತದೆ. ಬಾಯಿಗೆ ಹಾಕಿ ಚೀಪಿದರೆ ಸಿಹಿ, ನಡುವೆ ಒಂದಿಷ್ಟು ಹುಳಿ. ಚೀಪಿದ ಮೇಲೆ ಬೀಜ ಉಗುಳಬೇಕು, ಅಗಿಯಬಾರದು ಎಂದು ದೊಡ್ಡವರು ಹೇಳುತ್ತಿದ್ದರು. ಬೇಡ ಎಂದದ್ದನ್ನೇ ಮಾಡುವ ವಯಸ್ಸಿನಲ್ಲಿ ನಾನೊಮ್ಮೆ ಅಗಿದು ನೋಡಿದೆ. ಬೀಜದ ಒಳಗೆಲ್ಲ ನೇರಳೆ ಬಣ್ಣ. ಎಳೆ ಗೇರುಹಣ್ಣು ಕಚ್ಚಿದಂತೆ ನಾಲಿಗೆ ದಪ್ಪವಾಗಿ, ಗಂಟಲು ಹಿಡಿದು, ಬಾಯೆಲ್ಲ ಕಹಿ, ಒಗರು. ಇದೇ ಬೀಜದಿಂದ ಚಾಕ್ಲೇಟು ಆಗುತ್ತದೆ ಎಂದು ಅಜ್ಜ ಹೇಳಿದಾಗ ನಾನು ನಂಬಲಿಲ್ಲ.

ಕಳೆದ ತಿಂಗಳು ಅತ್ತೆಯ ಮನೆಗೆ ಹೋಗಿದ್ದಾಗ ಆ ಒಗರು ಮತ್ತೆ ನೆನಪಾಯಿತು. ಅತ್ತೆಗೆ 68 ವರ್ಷ, ಹತ್ತು ವರ್ಷಗಳಿಂದ ಬಿ.ಪಿ. ಮಾತ್ರೆ ನುಂಗುತ್ತಿದ್ದಾರೆ. ಬೆಂಗಳೂರಿನಿಂದ ಮೊಮ್ಮಗಳು ತಂದ ಕಪ್ಪು ಚಾಕೊಲೇಟಿನ ಪೊಟ್ಟಣವನ್ನು ಮುಂದಿಟ್ಟು ಕೇಳಿದರು: "ಇದು ತಿಂದರೆ ಬಿ.ಪಿ. ಇಳಿಯುತ್ತದಂತೆ, ಹೌದಾ ಮಾರಾಯ? ಹಾಗಿದ್ದರೆ ಆ ಮಾತ್ರೆ ಯಾಕೆ ಸುಮ್ಮನೆ?"

ಆ ಪ್ರಶ್ನೆಯ ಮೊದಲ ಅರ್ಧಕ್ಕೆ ಉತ್ತರ 'ಹೌದು, ಸ್ವಲ್ಪ' ಎಂದು. ಎರಡನೆಯ ಅರ್ಧಕ್ಕೆ ಮಾತ್ರ 'ಖಂಡಿತ ಬೇಡ' ಎಂದೇ ಹೇಳಬೇಕು. ಇವೆರಡರ ನಡುವಿನ ಅಂತರ ಎಷ್ಟು ಎಂಬುದು ಗೊತ್ತಾಗಬೇಕಾದರೆ ಆ ಒಗರಿನ ಬೆನ್ನು ಹತ್ತಬೇಕು.

ನಮ್ಮ ಆಯುರ್ವೇದದಲ್ಲಿ ಆರು ರಸಗಳಿವೆ. ಕೊನೆಯದು ಕಷಾಯ, ಅಂದರೆ ಒಗರು. ನೆಲ್ಲಿಕಾಯಿ, ಬಾಳೆಯ ಹೂವು, ಕಡುಚಹಾ ಇವುಗಳಲ್ಲೆಲ್ಲ ನಾಲಿಗೆಯನ್ನು ಹಿಡಿದು ಎಳೆದಂತೆ ಆಗುವುದು ಪಾಲಿಫಿನಾಲ್ ಎಂಬ ಸಸ್ಯಜನ್ಯ ರಾಸಾಯನಿಕಗಳಿಂದ. ಕೊಕ್ಕೊ ಬೀಜದಲ್ಲಿ ಅವು ಧಾರಾಳವಾಗಿವೆ. ಅವುಗಳಲ್ಲೇ ಒಂದು ಗುಂಪಿಗೆ ಫ್ಲೇವನಾಲ್ ಎಂದು ಹೆಸರು, ಆ ಗುಂಪಿನಲ್ಲಿ ಮುಖ್ಯವಾದದ್ದು ಎಪಿಕ್ಯಾಟೆಚಿನ್. ಚಾಕೊಲೇಟು ಹೃದಯಕ್ಕೆ ಒಳ್ಳೆಯದು ಎಂಬ ಮಾತು ನಿಂತಿರುವುದು ಬಹುಪಾಲು ಇದರ ಮೇಲೆ. ಹಾಗೆಂದು ಒಗರೆಲ್ಲ ಔಷಧವಲ್ಲ. ಅದೇ ತೋಟದಲ್ಲಿ, ಅದೇ ನೆರಳಿನಲ್ಲಿ ಬೆಳೆಯುವ ಅಡಿಕೆಯೂ ಒಗರೇ. ಅದನ್ನು ಜಗಿಯುವುದು ಬಾಯಿಯ ಕ್ಯಾನ್ಸರಿಗೆ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಸಾರಿದೆ.

ರಕ್ತನಾಳ ಎಂದರೆ ನಾವು ರಬ್ಬರ್ ಪೈಪನ್ನು ನೆನೆಯುತ್ತೇವೆ. ಆದರೆ ಅದರ ಒಳಗೋಡೆಗೆ ಒಂದೇ ಒಂದು ಕೋಶದಷ್ಟು ತೆಳುವಾದ ಜೀವಂತ ಪದರವಿದೆ. ನಾಳ ಯಾವಾಗ ಸಡಿಲವಾಗಬೇಕು, ಯಾವಾಗ ಬಿಗಿಯಬೇಕು ಎಂಬುದನ್ನು ನಿರ್ಧರಿಸುವುದರಲ್ಲಿ ಆ ಪದರದ ಪಾತ್ರ ದೊಡ್ಡದು. ಸಡಿಲಿಸಬೇಕಾದಾಗ ಅದು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಹೊರಬಿಡುತ್ತದೆ. ನಾಳದ ಸುತ್ತಲಿನ ಸ್ನಾಯು ಸಡಿಲಗೊಂಡು ರಕ್ತಕ್ಕೆ ದಾರಿ ಅಗಲವಾಗುತ್ತದೆ. ಇದನ್ನು ಕಂಡುಹಿಡಿದ ಮೂವರು ಅಮೆರಿಕನ್ ವಿಜ್ಞಾನಿಗಳಿಗೆ 1998ರಲ್ಲಿ ನೊಬೆಲ್ ಬಂತು. ವಯಸ್ಸಾದಂತೆ, ಸಕ್ಕರೆ ಕಾಯಿಲೆ ಬಂದಂತೆ, ಬೀಡಿ ಸಿಗರೇಟು ಸೇದಿದಂತೆ ಆ ಪದರ ಸೋಲುತ್ತಾ ಹೋಗುತ್ತದೆ. ಕೊಕ್ಕೊದ ಫ್ಲೇವನಾಲ್ ರಕ್ತಕ್ಕೆ ಸೇರಿದ ಒಂದೆರಡು ಗಂಟೆಗಳಲ್ಲಿ ಈ ನೈಟ್ರಿಕ್ ಆಕ್ಸೈಡಿನ ಕೆಲಸ ಚುರುಕಾಗುತ್ತದೆ, ತೋಳಿನ ನಾಳ ಹಿಗ್ಗುವ ಪ್ರಮಾಣ ಹೆಚ್ಚುತ್ತದೆ. ಇದನ್ನು ಅಲ್ಟ್ರಾಸೌಂಡ್ ಹಿಡಿದು ಹಲವು ಪ್ರಯೋಗಾಲಯಗಳಲ್ಲಿ ಅಳೆದು ನೋಡಿದ್ದಾರೆ. ಇಷ್ಟು ಗಟ್ಟಿ.

ಈ ಕಡೆ ವಿಜ್ಞಾನಿಗಳ ಗಮನ ಹರಿದದ್ದು ಪನಾಮಾ ದೇಶದ ಕೆರಿಬಿಯನ್ ಕರಾವಳಿಯ ಸಣ್ಣ ದ್ವೀಪಗಳಿಂದ. ಅಲ್ಲಿನ ಕೂನಾ ಬುಡಕಟ್ಟಿನವರಿಗೆ ವಯಸ್ಸಾದರೂ ರಕ್ತದೊತ್ತಡ ಏರುವುದಿಲ್ಲ ಎಂಬುದನ್ನು 1940ರ ದಶಕದಲ್ಲೇ ವೈದ್ಯರು ಗಮನಿಸಿದ್ದರು. 1990ರ ದಶಕದಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆಯ ನಾರ್ಮನ್ ಹಾಲೆನ್‌ಬರ್ಗ್ ಇದಕ್ಕೆ ಕಾರಣ ಹುಡುಕುತ್ತಾ ಹೊರಟರು. ರಕ್ತದ ಗುಣವೇ ಹಾಗಿರಬೇಕು, ವಂಶದಿಂದ ಬಂದಿರಬೇಕು ಎಂಬುದು ಮೊದಲ ಊಹೆ. ಆದರೆ ಅದೇ ಕೂನಾ ಜನ ದ್ವೀಪ ಬಿಟ್ಟು ಪನಾಮಾ ನಗರಕ್ಕೆ ಬಂದು ನೆಲೆಸಿದರೆ ಎಲ್ಲರಂತೆ ಅವರಿಗೂ ಬಿ.ಪಿ. ಏರುತ್ತಿತ್ತು. ಬದಲಾದದ್ದು ಬದುಕು, ಊಟ. ದ್ವೀಪದಲ್ಲಿದ್ದಾಗ ಅವರು ದಿನಕ್ಕೆ ಹಲವು ಬಾರಿ ಕೊಕ್ಕೊ ಪೇಯ ಕುಡಿಯುತ್ತಿದ್ದರು. ನಗರದಲ್ಲಿ ಆ ರೂಢಿ ಬಿಟ್ಟುಹೋಯಿತು. ಮೀನು, ಹಣ್ಣು, ದೋಣಿ ಹುಟ್ಟು ಹಾಕುವ ಮೈಮುರಿದ ದುಡಿತ ಇವುಗಳ ಪಾಲೂ ಇರಲೇಬೇಕು. ಕೂನಾ ಜನರ ಆರೋಗ್ಯವನ್ನು ಪೂರ್ತಿ ಕೊಕ್ಕೊದ ಖಾತೆಗೆ ಬರೆಯುವಂತಿಲ್ಲ. ಆದರೂ ಅಲ್ಲಿಂದಲೇ ಒಂದು ದೊಡ್ಡ ಸಂಶೋಧನೆಯ ಸಾಲು ಶುರುವಾಯಿತು.

ಆ ಸಾಲಿನ ಫಲಿತಾಂಶಗಳನ್ನು ಅತ್ತೆಗೆ ಹೇಳುವಂತೆಯೇ ಇಲ್ಲೂ ಹೇಳುತ್ತೇನೆ. 2017ರಲ್ಲಿ ಕಾಕ್ರೇನ್ ಎಂಬ, ವೈದ್ಯಕೀಯ ಪ್ರಯೋಗಗಳನ್ನು ಜರಡಿ ಹಿಡಿಯುವುದರಲ್ಲಿ ಹೆಸರಾದ ಸಂಸ್ಥೆ ಕೊಕ್ಕೊ ಕುರಿತ 35 ಪ್ರಯೋಗಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿತು. ಫ್ಲೇವನಾಲ್ ಹೆಚ್ಚಿರುವ ಕೊಕ್ಕೊ ಸೇವಿಸಿದವರ ರಕ್ತದೊತ್ತಡ ಇಳಿದದ್ದು ಸರಾಸರಿ 1.8 ಪಾಯಿಂಟ್. ಮೊದಲೇ ಬಿ.ಪಿ. ಹೆಚ್ಚಿದ್ದವರಲ್ಲಿ ಇಳಿಕೆ ಇದಕ್ಕಿಂತ ತುಸು ಹೆಚ್ಚು. 150 ಇದ್ದದ್ದು 148 ಆದರೆ ಡಾಕ್ಟರು ಮಾತ್ರೆ ನಿಲ್ಲಿಸುವುದಿಲ್ಲ. ಊಟದ ಎಲೆಯಿಂದ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ದೂರ ಮಾಡಿ, ದಿನಾ ಅರ್ಧ ಗಂಟೆ ನಡೆದರೆ ಆಗುವ ಲಾಭ ಇದಕ್ಕಿಂತ ಹೆಚ್ಚು. ಚಾಕೊಲೇಟಿನ ಲಾಭ ಸುಳ್ಳಲ್ಲ, ಆದರೆ ಸಣ್ಣದು. ಆ ಎರಡನ್ನೂ ಒಟ್ಟಿಗೆ ಹೇಳದ ಬರಹಗಳನ್ನು ನಾನು ನಂಬುವುದಿಲ್ಲ.

ಇದುವರೆಗಿನ ಅತಿ ದೊಡ್ಡ ಪ್ರಯೋಗ ಅಮೆರಿಕದ್ದು, ಹೆಸರು ಕಾಸ್ಮೋಸ್. 60 ದಾಟಿದ ಗಂಡಸರು, 65 ದಾಟಿದ ಹೆಂಗಸರು ಸೇರಿ 21,442 ಮಂದಿ. ಅರ್ಧ ಜನರಿಗೆ ದಿನಕ್ಕೆ 500 ಮಿಲಿಗ್ರಾಂ ಕೊಕ್ಕೊ ಫ್ಲೇವನಾಲ್, ಇನ್ನರ್ಧಕ್ಕೆ ಅದೇ ರೀತಿ ಕಾಣುವ ಹುಸಿ ಮಾತ್ರೆ. ಸುಮಾರು ಮೂರೂವರೆ ವರ್ಷದ ಕೊನೆಗೆ, 2022ರಲ್ಲಿ ಲೆಕ್ಕ ಪ್ರಕಟವಾಯಿತು. ಹೃದಯಾಘಾತ, ಪಾರ್ಶ್ವವಾಯು ಮುಂತಾದ ಎಲ್ಲ ತೊಂದರೆಗಳನ್ನು ಸೇರಿಸಿ ನೋಡಿದರೆ ಶೇ. 10ರಷ್ಟು ಕಡಿಮೆ. ಆದರೆ ಇದು ಆಕಸ್ಮಿಕವೂ ಆಗಿರಬಹುದು ಎನ್ನುವಷ್ಟು ಸಣ್ಣ ವ್ಯತ್ಯಾಸ. ಹೃದ್ರೋಗದಿಂದ ಸತ್ತವರ ಸಂಖ್ಯೆ ಮಾತ್ರ ಶೇ. 27ರಷ್ಟು ಕಡಿಮೆಯಾಗಿತ್ತು. ಆಸೆ ಹುಟ್ಟಿಸುವ ಫಲಿತಾಂಶವೇ. ಆದರೆ ಎರಡು ವಿಷಯ ಮರೆಯಬಾರದು. ಈ ಅಧ್ಯಯನದ ಖರ್ಚಿನಲ್ಲಿ ಒಂದು ಪಾಲನ್ನು ಮಾರ್ಸ್ ಎಂಬ ಚಾಕೊಲೇಟ್ ಕಂಪನಿಯೇ ಕೊಟ್ಟಿತ್ತು. ಅದಕ್ಕಿಂತ ಮುಖ್ಯವಾಗಿ, ಅವರು ತಿಂದದ್ದು ಚಾಕೊಲೇಟನ್ನಲ್ಲ, ಬೀಜದ ಸಾರ ತುಂಬಿದ ಕ್ಯಾಪ್ಸೂಲನ್ನು. ಅದರಲ್ಲಿ ಸಕ್ಕರೆ ಇಲ್ಲ, ಕೊಬ್ಬಿಲ್ಲ.

ಸಕ್ಕರೆ ಕಾಯಿಲೆಯ ಬಗ್ಗೆಯೂ ಒಂದು ಸುದ್ದಿ ಬಂದಿತ್ತು. 2024ರ ಡಿಸೆಂಬರಿನಲ್ಲಿ ಬಿ.ಎಂ.ಜೆ. ಪತ್ರಿಕೆಯಲ್ಲಿ ಹಾರ್ವರ್ಡಿನವರು ಪ್ರಕಟಿಸಿದ ಅಧ್ಯಯನದಲ್ಲಿ, ವಾರಕ್ಕೆ ಐದು ಬಾರಿ ಅಥವಾ ಹೆಚ್ಚು ಡಾರ್ಕ್ ಚಾಕೊಲೇಟ್ ತಿನ್ನುವವರಿಗೆ ಟೈಪ್ 2 ಮಧುಮೇಹ ಬರುವ ಸಾಧ್ಯತೆ ಶೇ. 21ರಷ್ಟು ಕಡಿಮೆ ಇತ್ತು. ಹಾಲಿನ ಚಾಕೊಲೇಟ್ ತಿಂದವರಿಗೆ ಆ ಲಾಭ ಕಾಣಲಿಲ್ಲ, ತೂಕ ಮಾತ್ರ ಹೆಚ್ಚಿತು. ಆದರೆ ಇದು ಮಾತ್ರೆ ಕೊಟ್ಟು ಮಾಡಿದ ಪ್ರಯೋಗವಲ್ಲ, ಜನ ಏನು ತಿಂದರು ಎಂದು ವರ್ಷಗಟ್ಟಲೆ ಕೇಳಿ ಬರೆದುಕೊಂಡದ್ದು. ಕಹಿ ಚಾಕೊಲೇಟನ್ನು ಆರಿಸಿಕೊಂಡು ತಿನ್ನುವವರು ಉಳಿದ ಊಟದಲ್ಲೂ ಎಚ್ಚರ ವಹಿಸುವವರೇ ಆಗಿರಬಹುದು. ಈಗಾಗಲೇ ಸಕ್ಕರೆ ಕಾಯಿಲೆ ಇದ್ದವರಿಗೆ ಇದು ಪರವಾನಗಿ ಅಲ್ಲವೇ ಅಲ್ಲ.

ಇಂಥ ಸುದ್ದಿ ಓದುವಾಗ ಯಾಕೆ ಎಚ್ಚರ ಬೇಕು ಎಂಬುದಕ್ಕೆ 2015ರ ಒಂದು ಪ್ರಕರಣ ಸಾಕು. ಜಾನ್ ಬೊಹಾನನ್ ಎಂಬ ಪತ್ರಕರ್ತ ಜರ್ಮನಿಯಲ್ಲಿ 15 ಜನರ ಮೇಲೆ ಮೂರು ವಾರದ ಪ್ರಯೋಗ ಮಾಡಿಸಿದರು. ತೂಕ, ಕೊಲೆಸ್ಟರಾಲ್, ನಿದ್ದೆ ಎಂದು 18 ಅಳತೆ ತೆಗೆದರು. ಅಷ್ಟು ಕಡಿಮೆ ಜನರಲ್ಲಿ ಅಷ್ಟು ಅಳತೆ ತೆಗೆದರೆ ಯಾವುದಾದರೂ ಒಂದರಲ್ಲಿ ಸುಮ್ಮನೆ ವ್ಯತ್ಯಾಸ ಕಂಡೇ ಕಾಣುತ್ತದೆ. ಅವರಿಗೆ ಸಿಕ್ಕಿದ್ದು ತೂಕ. ಚಾಕೊಲೇಟ್ ತಿಂದರೆ ಬೇಗ ತೂಕ ಇಳಿಯುತ್ತದೆ ಎಂದು ಹಣ ಕೊಟ್ಟು ಪ್ರಕಟಿಸಿದರು, ಹಲವು ದೇಶಗಳ ಪತ್ರಿಕೆಗಳು ಅದನ್ನು ಹಾಗೆಯೇ ಅಚ್ಚು ಹಾಕಿದವು. ಸುದ್ದಿಮನೆಗಳು ಎಷ್ಟು ಸುಲಭವಾಗಿ ಮೋಸ ಹೋಗುತ್ತವೆ ಎಂದು ತೋರಿಸುವುದೇ ಉದ್ದೇಶವಾಗಿತ್ತು ಎಂದು ಆಮೇಲೆ ಅವರೇ ಬಹಿರಂಗಪಡಿಸಿದರು. ಆ ಸುಳ್ಳು ಮಾತ್ರ ಇಂದಿಗೂ ವಾಟ್ಸಾಪಿನಲ್ಲಿ ಓಡಾಡುತ್ತಿದೆ.

ಈಗ ತೋಟಕ್ಕೆ ಮರಳೋಣ. ಬೀಜದಲ್ಲಿ ಅಷ್ಟು ಒಗರಿದ್ದರೆ ಅಂಗಡಿಯ ಚಾಕೊಲೇಟಿನಲ್ಲಿ ಅದು ಯಾಕಿಲ್ಲ?

ತೋಟದಿಂದ ತಂದ ಹಸಿ ಬೀಜವನ್ನು ಮರದ ಪೆಟ್ಟಿಗೆಗೆ ತುಂಬಿ, ಬಾಳೆಲೆ ಮುಚ್ಚಿ, ಐದಾರು ದಿನ ಹುಳಿ ಬರಿಸುತ್ತಾರೆ. ತಿರುಳು ಕೊಳೆತು ಇಳಿಯುತ್ತದೆ, ಒಳಗೆ ಬಿಸಿ ಏಳುತ್ತದೆ, ಹೆಂಡದ್ದೋ ವಿನೆಗರಿನದ್ದೋ ಎನ್ನುವಂಥ ಘಾಟು ಬರುತ್ತದೆ. ಆಗಲೇ ನೇರಳೆ ಬಣ್ಣ ಕಂದಾಗಿ, ಕಹಿ ಒಗರು ತಗ್ಗಿ, ಮುಂದೆ ಚಾಕೊಲೇಟಿನ ಪರಿಮಳವಾಗಬೇಕಾದ ಅಂಶಗಳು ಹುಟ್ಟುವುದು. ಹುಳಿ ಬರಿಸದ ಬೀಜವನ್ನು ಎಷ್ಟು ಹುರಿದರೂ ಚಾಕೊಲೇಟಿನ ವಾಸನೆ ಬರುವುದಿಲ್ಲ. ಆಮೇಲೆ ಬಿಸಿಲಿಗೆ ಒಣಗಿಸುವುದು, ಹುರಿಯುವುದು, ಸಿಪ್ಪೆ ಹಾರಿಸುವುದು, ರುಬ್ಬುವುದು. ಪ್ರತಿ ಹಂತದಲ್ಲೂ ರುಚಿ ಕೂಡುತ್ತದೆ, ಫ್ಲೇವನಾಲ್ ಕಳೆಯುತ್ತದೆ. ಚಾಕೊಲೇಟಿನ ಕಥೆಯಲ್ಲಿ ನನ್ನನ್ನು ಅತಿ ಹೆಚ್ಚು ಕಾಡಿದ ಸಂಗತಿ ಇದು: ನಾಲಿಗೆಗೆ ಬೇಕಾದದ್ದನ್ನು ಪಡೆಯಲು ರಕ್ತನಾಳಕ್ಕೆ ಬೇಕಾದದ್ದನ್ನು ಬಿಟ್ಟುಕೊಡುತ್ತಾ ಬಂದಿದ್ದೇವೆ.

ದೊಡ್ಡ ಪೆಟ್ಟು ಬೀಳುವುದು ಕ್ಷಾರದಿಂದ. 19ನೆಯ ಶತಮಾನದಲ್ಲಿ ಹಾಲೆಂಡಿನ ವಾನ್ ಹೌಟೆನ್ ಕೊಕ್ಕೊ ಪುಡಿಗೆ ಕ್ಷಾರ ಬೆರೆಸುವ ವಿಧಾನ ತಂದರು. ಹಾಗೆ ಮಾಡಿದರೆ ಪುಡಿ ಕಡುಕಪ್ಪಾಗುತ್ತದೆ, ಒಗರು ಹೋಗುತ್ತದೆ, ಹಾಲಿನಲ್ಲಿ ಚೆನ್ನಾಗಿ ಬೆರೆಯುತ್ತದೆ. 2008ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಕ್ಷಾರ ಬೆರೆಸದ ಪುಡಿಯಲ್ಲಿ ಗ್ರಾಂಗೆ 34.6 ಮಿಲಿಗ್ರಾಂ ಫ್ಲೇವನಾಲ್ ಇದ್ದರೆ, ಹೆಚ್ಚು ಕ್ಷಾರ ಬೆರೆಸಿದ್ದರಲ್ಲಿ 3.9 ಮಾತ್ರ ಉಳಿದಿತ್ತು. ಅಂದರೆ ಕಪ್ಪಾದಷ್ಟೂ ಒಳ್ಳೆಯದು ಎಂಬ ನಮ್ಮ ನಂಬಿಕೆ ತಪ್ಪು. ಕಡುಕಪ್ಪು ಕೇಕು, ಕಡುಕಪ್ಪು ಬಿಸ್ಕತ್ತುಗಳಲ್ಲಿ ಬಣ್ಣವಿದೆ, ಬಣ್ಣ ಕೊಟ್ಟ ಬೀಜದ ಗುಣ ಉಳಿದಿಲ್ಲ.

ಪೊಟ್ಟಣದ ಮೇಲೆ ಶೇ. 70 ಎಂದು ಬರೆದಿದ್ದರೂ ಅದೇ ಮಾತು. ಆ ಅಂಕಿ ಹೇಳುವುದು ಕೊಕ್ಕೊದ ಪಾಲು ಎಷ್ಟು ಎಂಬುದನ್ನು, ಕೊಕ್ಕೊ ಬೆಣ್ಣೆಯೂ ಅದರೊಳಗೇ ಬಂತು. ಫ್ಲೇವನಾಲ್ ಎಷ್ಟಿದೆ ಎಂದು ಅದು ಹೇಳುವುದಿಲ್ಲ. ಹಾಗಾಗಿಯೇ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2012ರಲ್ಲಿ, ರಕ್ತನಾಳದ ಸಡಿಲಿಕೆಗೆ ದಿನಕ್ಕೆ 200 ಮಿಲಿಗ್ರಾಂ ಕೊಕ್ಕೊ ಫ್ಲೇವನಾಲ್ ನೆರವಾಗುತ್ತದೆ ಎಂದು ಒಪ್ಪುವಾಗ, ಫ್ಲೇವನಾಲ್ ಹೆಚ್ಚಿರುವ 10 ಗ್ರಾಂ ಚಾಕೊಲೇಟು ಎಂದು ಒತ್ತಿ ಹೇಳಿತು. ಅಮೆರಿಕದ ಎಫ್.ಡಿ.ಎ. 2023ರಲ್ಲಿ ಇನ್ನೂ ಬಿಗಿ ಮಾಡಿತು. ಹೃದಯಕ್ಕೆ ಒಳ್ಳೆಯದು ಎಂಬ ಮಾತನ್ನು ಫ್ಲೇವನಾಲ್ ಹೆಚ್ಚಿರುವ ಕೊಕ್ಕೊ ಪುಡಿಗೆ ಮಾತ್ರ, ಅದೂ ಆಧಾರ ತೀರಾ ಕಡಿಮೆ ಎಂಬ ಸಾಲಿನೊಂದಿಗೆ, ಹಾಕಿಕೊಳ್ಳಬಹುದು. ಮಾಮೂಲಿ ಚಾಕೊಲೇಟಿಗೆ ಅದು ಅನ್ವಯಿಸುವುದಿಲ್ಲ.

ಇಷ್ಟಾದರೂ ನಾನು ಡಾರ್ಕ್ ಚಾಕೊಲೇಟಿನ ಪರ. ಕಾರಣ ಸರಳ. ನಮ್ಮ ಮಕ್ಕಳಿಗೆ 'ಚಾಕ್ಲೇಟು' ಎಂದರೆ ಕಾಗದ ಸುತ್ತಿದ ಸಿಹಿ ಏನಿದ್ದರೂ ಆಯಿತು. ಪೆಪ್ಪರ್ಮಿಂಟೂ ಚಾಕ್ಲೇಟೇ, ಚಿಲ್ಲರೆಗೆ ಬದಲು ಅಂಗಡಿಯವನು ಕೈಗಿಡುವುದೂ ಚಾಕ್ಲೇಟೇ. ಕೊಕ್ಕೊದ ಗಂಧವೂ ಇಲ್ಲದ ಸಕ್ಕರೆ ಉಂಡೆಗಳವು. ಹಾಲಿನ ಚಾಕೊಲೇಟಿನಲ್ಲಿ ಹೆಚ್ಚಿನವು ಅರ್ಧದಷ್ಟು ಸಕ್ಕರೆ. ಶೇ. 70ರ ಡಾರ್ಕ್ ಚಾಕೊಲೇಟಿನಲ್ಲಿ 10 ಗ್ರಾಂ ತುಂಡಿಗೆ ಸಕ್ಕರೆ ಸುಮಾರು 3 ಗ್ರಾಂ, ಮುಕ್ಕಾಲು ಚಮಚಕ್ಕಿಂತ ಹೆಚ್ಚಿಲ್ಲ. ದಿನಕ್ಕೆ 25 ಗ್ರಾಂ ಒಳಗೆ ಸಕ್ಕರೆ ಇದ್ದರೆ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಊಟವಾದ ಮೇಲೆ ಒಂದು ಜಾಮೂನಿನ ಜಾಗದಲ್ಲಿ ಇಂಥ ಎರಡು ತುಂಡು ಬಂದರೆ ಲಾಭ ಅಲ್ಲೇ ಆಯಿತು. ಜಾಮೂನೂ ತಿಂದು ಇದನ್ನೂ ತಿಂದರೆ ಲೆಕ್ಕ ತಲೆಕೆಳಗು. 100 ಗ್ರಾಂ ಡಾರ್ಕ್ ಚಾಕೊಲೇಟಿನಲ್ಲಿ ಸುಮಾರು 600 ಕ್ಯಾಲೊರಿ ಇದೆ, ಒಂದು ಊಟದ ಹತ್ತಿರ ಹತ್ತಿರ.

ಅದರ ಕೊಬ್ಬಿನ ಬಗ್ಗೆ ಹೆದರಿಕೆ ಅಷ್ಟು ಬೇಡ. ಕೊಕ್ಕೊ ಬೆಣ್ಣೆಯ ಮೂರನೆಯ ಒಂದು ಪಾಲು ಸ್ಟಿಯರಿಕ್ ಆಮ್ಲ, ಅದು ಕೊಲೆಸ್ಟರಾಲನ್ನು ಏರಿಸುವುದಿಲ್ಲ. ಹೆದರಬೇಕಾದದ್ದು ಕೊಕ್ಕೊ ಬೆಣ್ಣೆ ತೆಗೆದು ಅಗ್ಗದ ವನಸ್ಪತಿ ಕೊಬ್ಬು ಸೇರಿಸಿದ 'ಕಾಂಪೌಂಡ್' ಚಾಕೊಲೇಟಿಗೆ. ಬೇಕರಿಯ ಅಲಂಕಾರಕ್ಕೆ ಬಳಸುವುದು ಹೆಚ್ಚಾಗಿ ಅದನ್ನೇ. ನಿಜವಾದ ಕೊಕ್ಕೊ ಬೆಣ್ಣೆ 34 ಡಿಗ್ರಿ ಆಸುಪಾಸಿನಲ್ಲಿ ಕರಗುತ್ತದೆ, ಅಂದರೆ ನಾಲಿಗೆಯ ಬಿಸಿಗೆ ಅಗಿಯದೆಯೇ ಕರಗುತ್ತದೆ. ಬಾಯಲ್ಲಿ ಮೇಣದಂತೆ ಉಳಿದರೆ ಅನುಮಾನ ಪಡಿ. ಫ್ರಿಜ್ಜಿನಿಂದ ತೆಗೆದಾಗ ಮೇಲೆ ಬಿಳಿ ಮಸುಕು ಕಂಡರೆ ಅದು ಬೂಷ್ಟು ಅಲ್ಲ, ಕೊಬ್ಬೋ ಸಕ್ಕರೆಯೋ ಮೇಲೆದ್ದು ಬಂದದ್ದು. ತಿನ್ನಬಹುದು.

ಕಬ್ಬಿಣದ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. 100 ಗ್ರಾಂ ಡಾರ್ಕ್ ಚಾಕೊಲೇಟಿನಲ್ಲಿ ಸುಮಾರು 12 ಮಿಲಿಗ್ರಾಂ ಕಬ್ಬಿಣ ಇದೆ ಎಂಬುದು ನಿಜ. ಆದರೆ ಯಾವ ಒಗರು ರಕ್ತನಾಳಕ್ಕೆ ಒಳ್ಳೆಯದೋ ಅದೇ ಒಗರು ಆ ಕಬ್ಬಿಣವನ್ನು ಕರುಳು ಹೀರದಂತೆ ಹಿಡಿದಿಡುತ್ತದೆ. ಊಟದ ಜೊತೆ ಚಹಾ ಬೇಡ ಎನ್ನುವುದೂ ಇದೇ ಕಾರಣಕ್ಕೆ. ದೇಶದ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಇದೆ ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಅವರಿಗೆ ಬೇಕಾದದ್ದು ಕಬ್ಬಿಣದ ಮಾತ್ರೆ, ಸೊಪ್ಪು, ಕಾಳು, ಜೊತೆಗೆ ನಿಂಬೆಹುಳಿ.

ಇನ್ನು ಸೀಸ ಮತ್ತು ಕ್ಯಾಡ್ಮಿಯಂ. 2022ರ ಕೊನೆಯಲ್ಲಿ ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಸಂಸ್ಥೆ 28 ಡಾರ್ಕ್ ಚಾಕೊಲೇಟುಗಳನ್ನು ಪರೀಕ್ಷಿಸಿದಾಗ ಎಲ್ಲದರಲ್ಲೂ ಇವು ಸಿಕ್ಕವು. ದಿನಕ್ಕೆ ಒಂದು ಔನ್ಸ್, ಅಂದರೆ 28 ಗ್ರಾಂ ತಿಂದರೆ 23 ಚಾಕೊಲೇಟುಗಳಲ್ಲಿ ಈ ಲೋಹಗಳು ಆ ಸಂಸ್ಥೆ ಇಟ್ಟುಕೊಂಡ ಮಿತಿಯನ್ನು ದಾಟುತ್ತಿದ್ದವು. ಕ್ಯಾಡ್ಮಿಯಂ ಬರುವುದು ಮಣ್ಣಿನಿಂದ, ಬೇರಿನ ಮೂಲಕ. ಸೀಸ ಬರುವುದು ಕೊಯ್ಲಾದ ಮೇಲೆ, ರಸ್ತೆ ಬದಿಯಲ್ಲಿ ಒಣಗಿಸಿದ ಬೀಜದ ಮೇಲೆ ಕೂರುವ ಧೂಳಿನಿಂದ. ಕೊಕ್ಕೊ ಹೆಚ್ಚಿದಷ್ಟೂ ಈ ಅಪಾಯವೂ ಹೆಚ್ಚು. ಆದ್ದರಿಂದ ಗರ್ಭಿಣಿಯರು, ಚಿಕ್ಕ ಮಕ್ಕಳು ದಿನಾ ತಿನ್ನುವುದು ಬೇಡ. ಒಂದೇ ಬ್ರ್ಯಾಂಡಿಗೆ ಅಂಟಿಕೊಳ್ಳುವುದೂ ಬೇಡ. ಮೂತ್ರಪಿಂಡದಲ್ಲಿ ಆಕ್ಸಲೇಟ್ ಕಲ್ಲು ಆದವರು, ಎದೆಯುರಿ ಇರುವವರು, ಚಾಕೊಲೇಟು ತಿಂದರೆ ಅರೆತಲೆನೋವು ಬರುವವರು ದೂರ ಇರುವುದೇ ಲೇಸು. ಮನೆಯ ನಾಯಿಗಂತೂ ಒಂದು ಚೂರೂ ಹಾಕಬೇಡಿ. ಕೊಕ್ಕೊದ ಥಿಯೊಬ್ರೊಮಿನ್ ನಾಯಿಗೆ ವಿಷ.

ನಮ್ಮ ಊರಿನ ವಿಷಯ ಒಂದು ಮಾತು. ಕೊಕ್ಕೊ ಬೆಳೆಯಿರಿ ಎಂದವರು 1980ರ ಸುಮಾರಿಗೆ ಖರೀದಿಯಿಂದ ಹಿಂದೆ ಸರಿದು ಬೆಲೆ ಕುಸಿದಾಗ, ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಬೀಜ ಕೊಳ್ಳಲು ಮುಂದೆ ಬಂತು. 1986ರಲ್ಲಿ ಪುತ್ತೂರಿನಲ್ಲಿ ಸ್ವಂತ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. 2024ರಲ್ಲಿ ಪಶ್ಚಿಮ ಆಫ್ರಿಕದ ಬೆಳೆ ಕೈಕೊಟ್ಟು ಜಗತ್ತಿನ ಮಾರುಕಟ್ಟೆಯಲ್ಲಿ ಕೊಕ್ಕೊ ಟನ್ನಿಗೆ 10,000 ಡಾಲರ್ ದಾಟಿದಾಗ, ಅಳಿಲು ಇಲಿಗಳಿಗೆ ಬಿಟ್ಟ ಮರಗಳ ಬುಡ ಬಿಡಿಸಲು ನಮ್ಮವರು ಮತ್ತೆ ತೋಟಕ್ಕೆ ಇಳಿದರು. ಮೈಸೂರಿನಲ್ಲೂ ಕರಾವಳಿಯಲ್ಲೂ ನಮ್ಮದೇ ಬೀಜದಿಂದ ಕಡಿಮೆ ಸಕ್ಕರೆಯ ಚಾಕೊಲೇಟು ಮಾಡುವ ಸಣ್ಣ ಘಟಕಗಳಿವೆ. ಬೀಜ ಎಲ್ಲಿ ಬೆಳೆಯಿತು, ಹೇಗೆ ಒಣಗಿತು ಎಂದು ಕೇಳಿದರೆ ಅವರ ಬಳಿ ಉತ್ತರ ಸಿಗುವ ಸಾಧ್ಯತೆ ಹೆಚ್ಚು.

ಅತ್ತೆಯ ಕೈಯಲ್ಲಿದ್ದ ಪೊಟ್ಟಣವನ್ನು ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿದೆ. ಮುಂದೆ ದೊಡ್ಡದಾಗಿ 'ಡಾರ್ಕ್' ಎಂದಿತ್ತು. ಹಿಂದೆ ಮೊದಲ ಹೆಸರು ಸಕ್ಕರೆ. ಪ್ರಮಾಣದಲ್ಲಿ ಯಾವುದು ಹೆಚ್ಚೋ ಅದನ್ನೇ ಮೊದಲು ಬರೆಯಬೇಕು ಎಂಬುದು ನಿಯಮ. ಅತ್ತೆ ಕನ್ನಡಕ ಹಾಕಿಕೊಂಡು ತಾವೂ ಒಮ್ಮೆ ಓದಿದರು, ಪೊಟ್ಟಣವನ್ನು ಮೊಮ್ಮಗಳ ಕಡೆ ಸರಿಸಿದರು. ಮುಂದಿನ ಸಲ ನಾನು ಕೊಂಡುಹೋದದ್ದು ಕೊಕ್ಕೊ ಮೊದಲು, ಸಕ್ಕರೆ ಆಮೇಲೆ ಇದ್ದದ್ದು. ಈಗ ಮಧ್ಯಾಹ್ನದ ಊಟವಾದ ಮೇಲೆ ಒಂದು ತುಂಡು ತಿನ್ನುತ್ತಾರೆ, ಬೆಳಗಿನ ಮಾತ್ರೆ ತಪ್ಪಿಸುವುದಿಲ್ಲ.

ನಿಮ್ಮ ಮನೆಯಲ್ಲಿರುವ ಪೊಟ್ಟಣವನ್ನೂ ಒಮ್ಮೆ ತಿರುಗಿಸಿ ನೋಡಿ. ಮೊದಲ ಹೆಸರು ಕೊಕ್ಕೊ ಆಗಿರಲಿ, ಹೈಡ್ರೋಜಿನೇಟೆಡ್ ವೆಜಿಟೆಬಲ್ ಫ್ಯಾಟ್ ಇಲ್ಲದಿರಲಿ. ಕ್ಷಾರ ಬೆರೆಸಿದ ಗುರುತಾಗಿ 500, 501 ಎಂಬ ಅಂಕಿಗಳು ಕಂಡರೆ ಬೇರೆಯದನ್ನು ಹುಡುಕಿ. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಮಾತ್ರ ನಿಮ್ಮ ಡಾಕ್ಟರು ಹೇಳದೆ ನಿಲ್ಲಿಸಬೇಡಿ.